ಪರವಾನಗಿ ಮತ್ತು ಪರವಾಗಿಲ್ಲ



ಚಾರ್ಟರ್ಡ್ ಅಕೌಂಟೆಂಟ್ ಒಬ್ಬನನ್ನು ಪ್ರಧಾನ ಭಾಷಣಕ್ಕೆ ಕರೆದಾಗ ತೆರಿಗೆ ಉಳಿಸುವ ದಾರಿ ಹೇಳುತ್ತಾನೆ ಎಂದು ನೀವು ನಿರೀಕ್ಷಿಸುವುದು ಸಹಜ. ಇವತ್ತು ನಾನು ಮಾತಾಡುವುದು ಒಂದು ಪದದ ಬಗ್ಗೆ. ಪದ ‘ಪರವಾನಗಿ’. ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳದೆ ಹಣ ಕಳೆದುಕೊಂಡವರನ್ನು ನನ್ನ ವೃತ್ತಿಯಲ್ಲಿ ನೋಡಿದ್ದೇನೆ. ಅವರಲ್ಲಿ ಒಬ್ಬರು ಕಳೆದುಕೊಂಡದ್ದಕ್ಕೆ ನಾನೂ ಕಾರಣ. ಆ ಕತೆಗೆ ಆಮೇಲೆ ಬರುತ್ತೇನೆ.

ಮೊದಲು ಪದದ ಮೂಲ. ಪರವಾನಗಿ ನಮ್ಮದಾಗಿದ್ದರೂ ಹುಟ್ಟಿನಿಂದ ಕನ್ನಡದ್ದಲ್ಲ. ಪಾರಸಿಯಲ್ಲಿ ‘ಪರವಾನಾ’ ಎಂದರೆ ಬರೆದುಕೊಟ್ಟ ಆಜ್ಞೆ, ಅಧಿಕಾರಿಯ ಚೀಟಿ. ಆಡಳಿತದ ಭಾಷೆಯ ಜೊತೆ ಅದು ಮರಾಠಿಗೂ ಕನ್ನಡಕ್ಕೂ ಬಂತು. ಅರ್ಜಿ, ಜಮೀನು, ತಹಸೀಲ್ದಾರ, ಜಾರಿ, ಬಾಕಿ, ವಸೂಲಿ ಇವೆಲ್ಲ ಬಂದದ್ದೂ ಅದೇ ದಾರಿಯಲ್ಲಿ. ಕೆಲವರು ಪರವಾನಗಿ ಎನ್ನುತ್ತಾರೆ, ಕೆಲವರು ಪರವಾನಿಗೆ ಎನ್ನುತ್ತಾರೆ. ಪತ್ರಿಕೆಗಳಲ್ಲಿ ಎರಡೂ ಅಚ್ಚಾಗುತ್ತವೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹುಟ್ಟಿನಲ್ಲೇ ಅದು ‘ಬರೆದದ್ದು’ ಎಂಬುದನ್ನು ನೆನಪಿಡಿ. ಬಾಯಿಮಾತಿನಲ್ಲಿ ಕೊಟ್ಟದ್ದಕ್ಕೆ ಬೇರೆ ಪದಗಳಿವೆ.

ಹಾಗೆಂದು ಅದು ಕಚೇರಿಯ ಒಳಗೇ ಉಳಿದ ಪದವೂ ಅಲ್ಲ. ಸಂಜೆ ತಡವಾಗಿ ಮನೆಗೆ ಬಂದರೆ ನನ್ನ ಅಜ್ಜಿ ಕೇಳುತ್ತಿದ್ದರು: ‘ಯಾರ ಪರವಾನಗಿ ತಗೊಂಡು ಹೋಗಿದ್ದೆ?’ ಅಜ್ಜಿ ಕೇಳುತ್ತಿದ್ದದ್ದು ಚೀಟಿಯನ್ನಲ್ಲ. ಮನೆಯಲ್ಲಿ ಒಬ್ಬ ಅಧಿಕಾರಿ ಇದ್ದಾರೆ ಎಂಬುದನ್ನು ನನಗೆ ನೆನಪಿಸುತ್ತಿದ್ದರು. ಬೈಗುಳವಾಗಿ ಮನೆಗೆ ಬಂದಾಗಲೂ ಆ ಪದ ತನ್ನ ಅಧಿಕಾರವನ್ನು ಬಿಟ್ಟಿರಲಿಲ್ಲ.

ಒಂದೇ ಮನೆಯ ಆರು ಪದಗಳು

ನಮ್ಮಲ್ಲಿ ಬೇರೆ ಬೇರೆ ಸಂದರ್ಭಕ್ಕೆ ಬೇರೆ ಬೇರೆ ಪದಗಳಿವೆ. ಈಗ ಎಲ್ಲದಕ್ಕೂ ‘ಪರ್ಮಿಷನ್’ ಎಂದುಬಿಡುತ್ತೇವೆ. ಹಾಗೆ ಒಂದೇ ಡಬ್ಬಕ್ಕೆ ತುಂಬಿದಾಗ ಅರ್ಥಗಳು ಕಲಸಿಹೋಗುತ್ತವೆ. ಅವನ್ನು ಒಂದೊಂದಾಗಿ ಬಿಡಿಸಿ ನೋಡೋಣ.

‘ಒಪ್ಪಿಗೆ’ ಮನಸ್ಸಿನ ವಿಷಯ. ಅದು ಇಬ್ಬರು ಸಮಾನರ ನಡುವೆ ನಡೆಯುತ್ತದೆ. ಹುಡುಗಿಗೆ ಒಪ್ಪಿಗೆ ಇದೆಯಾ ಎಂದು ಕೇಳುತ್ತೇವೆ. ಹುಡುಗಿಯ ಪರವಾನಗಿ ಇದೆಯಾ ಎಂದು ಯಾರೂ ಕೇಳುವುದಿಲ್ಲ.

‘ಅಪ್ಪಣೆ’ ಮೇಲಿನಿಂದ ಬರುವುದು. ಅದರಲ್ಲಿ ಆಜ್ಞೆಯೂ ಇದೆ, ಅನುಮತಿಯೂ ಇದೆ. ನಾಟಕದ ಸೇವಕ ‘ಅಪ್ಪಣೆ ಮಹಾಪ್ರಭು’ ಎಂದಾಗ ಅದು ಆಜ್ಞೆ. ಬಂದ ನೆಂಟರು ಎದ್ದು ನಿಂತು ‘ಇನ್ನು ಅಪ್ಪಣೆ ಕೊಡಿ’ ಎಂದಾಗ ಅದು ಹೊರಡಲು ಅನುಮತಿ. ದೇವರ ಮುಂದೆ ಹೂವಿಟ್ಟು ಅಪ್ಪಣೆಗಾಗಿ ಕಾಯುವವರು ಕೇಳುವುದು ಎರಡನ್ನೂ.

‘ಅನುಮತಿ’ ಎಂದರೆ ಮಾಡುವ ಮುಂಚೆ ಪಡೆಯುವ ಸಮ್ಮತಿ. ‘ಅನುಮೋದನೆ’ ಎಂದರೆ ಒಬ್ಬರು ಸಿದ್ಧಪಡಿಸಿದ್ದನ್ನು ಇನ್ನೊಬ್ಬರು ನೋಡಿ ಸರಿ ಎನ್ನುವುದು. ನಮ್ಮ ಸಂಘದ ಲೆಕ್ಕಪತ್ರಕ್ಕೆ ಮಹಾಸಭೆ ಕೊಡುವುದು ಅನುಮೋದನೆ. ಖರ್ಚು ಮಾಡುವ ಮುಂಚೆ ಕಾರ್ಯಕಾರಿ ಸಮಿತಿ ಕೊಡಬೇಕಾದದ್ದು ಅನುಮತಿ. ಖರ್ಚು ಮಾಡಿದ ಮೇಲೆ ಅನುಮತಿ ಕೇಳುವ ಖಜಾಂಚಿಗಳನ್ನೂ ನಾನು ಕಂಡಿದ್ದೇನೆ. ಅವರು ಇಲ್ಲಿ ಇದ್ದರೆ ಕ್ಷಮಿಸಬೇಕು.

‘ಮಂಜೂರು’ ಅರಬ್ಬಿ ಮೂಲದ್ದು. ‘ನಜರ್’ ಎಂದರೆ ನೋಟ. ‘ಮಂಜೂರ್’ ಎಂದರೆ ನೋಡಲ್ಪಟ್ಟದ್ದು. ಅಧಿಕಾರಿಯ ಕಣ್ಣಿಗೆ ಬಿದ್ದು ಪಾಸಾದದ್ದು ಎಂದಿಟ್ಟುಕೊಳ್ಳಿ. ಸಾಲ, ರಜೆ, ಪಿಂಚಣಿ, ಅನುದಾನ ಇವು ಮಂಜೂರಾಗುತ್ತವೆ. ಸಾಲ ಮಂಜೂರಾಯಿತು ಎಂದ ಮಾತ್ರಕ್ಕೆ ದುಡ್ಡು ಕೈಗೆ ಬಂತು ಎಂದಲ್ಲ. ಮಂಜೂರಾತಿ ಪತ್ರ ನೋಡಿ ಕಂಟ್ರಾಕ್ಟರಿಗೆ ಮುಂಗಡ ಕೊಟ್ಟು, ಬಟವಾಡೆ ತಡವಾಗಿ ಕಷ್ಟಕ್ಕೆ ಸಿಕ್ಕವರು ನಮ್ಮ ನಡುವೆಯೇ ಇದ್ದಾರೆ.

ಕೊನೆಯದು ‘ನಿರಾಕ್ಷೇಪಣಾ ಪತ್ರ’, ನಾವೆಲ್ಲ ಎನ್‌ಒಸಿ ಎನ್ನುವುದು. ಇದು ಅನುಮತಿಯೇ ಅಲ್ಲ. ‘ನನ್ನ ತಕರಾರಿಲ್ಲ’ ಎಂದಷ್ಟೇ ಅದು ಹೇಳುತ್ತದೆ. ಪಕ್ಕದ ಮನೆಯವರು ತಕರಾರಿಲ್ಲ ಎಂದರೆ ಪಂಚಾಯಿತಿ ಪರವಾನಗಿ ಕೊಟ್ಟಂತಾಗುವುದಿಲ್ಲ. ಫೈಲಿನಲ್ಲಿ ನಾಲ್ಕು ಎನ್‌ಒಸಿ ಇದ್ದು, ಮುಖ್ಯ ಆದೇಶವೊಂದೇ ಇಲ್ಲದಿರುವ ಸಂದರ್ಭ ಅಪರೂಪವೇನಲ್ಲ.

ಕೊಲ್ಲಿಯಲ್ಲಿ ದುಡಿಯುವ ನಮಗೆ ಇಲ್ಲೊಂದು ತಮಾಷೆ ಇದೆ. ನಾವು ‘ರಜೆ’ ಎನ್ನುತ್ತೇವಲ್ಲ, ಅದರ ಮೂಲ ಅರಬ್ಬಿಯ ‘ರಿದಾ’, ಎಂದರೆ ಸಮ್ಮತಿ. ಇಲ್ಲಿಯ ಕಚೇರಿಗಳಲ್ಲಿ ರಜೆಗೆ ‘ಇಜಾಜಾ’ ಎನ್ನುತ್ತಾರೆ. ಉರ್ದು ಬಲ್ಲವರಿಗೆ ‘ಇಜಾಜತ್’ ಗೊತ್ತು. ಅದಕ್ಕೂ ಅರ್ಥ ಅನುಮತಿಯೇ. ಎರಡು ಭಾಷೆಗಳಲ್ಲೂ ರಜೆ ಎಂಬ ಪದದ ಹಿಂದೆ ‘ಹೋಗಿ ಬಾ’ ಎನ್ನುವ ಒಬ್ಬ ಯಜಮಾನ ನಿಂತಿದ್ದಾನೆ. ಟಿಕೆಟ್ ಮೊದಲು ಬುಕ್ ಮಾಡಿ ರಜೆ ಆಮೇಲೆ ಕೇಳಿದವರಿಗೆ ಈ ನಿರುಕ್ತವನ್ನು ನಾನು ವಿವರಿಸಬೇಕಾಗಿಲ್ಲ.

ಪರವಾನಗಿಯ ನಾಲ್ಕು ಮೂಲೆಗಳು

ಈಗ ನಮ್ಮ ಪದಕ್ಕೆ ಮರಳೋಣ. ಒಪ್ಪಿಗೆಗೆ ಗಡಿ ಇಲ್ಲದಿರಬಹುದು. ಪರವಾನಗಿಗೆ ಗಡಿ ಇದ್ದೇ ಇರುತ್ತದೆ. ಹೊಲಕ್ಕೆ ನಾಲ್ಕು ಮೂಲೆಗಳಲ್ಲಿ ಗಡಿಕಲ್ಲು ಇರುವ ಹಾಗೆ ಪರವಾನಗಿಗೂ ನಾಲ್ಕು ಕಲ್ಲುಗಳಿವೆ: ಕೊಟ್ಟವರು ಯಾರು, ಪಡೆದವರು ಯಾರು, ಯಾವುದಕ್ಕೆ, ಎಲ್ಲಿಯವರೆಗೆ.

ಚಾಲನಾ ಪರವಾನಗಿಯನ್ನೇ ನೋಡಿ. ಕೊಟ್ಟದ್ದು ಸಾರಿಗೆ ಇಲಾಖೆ. ಪಡೆದದ್ದು ನೀವು, ನಿಮ್ಮ ತಮ್ಮನಲ್ಲ. ಕಾರಿಗೆ ಕೊಟ್ಟದ್ದರಲ್ಲಿ ಲಾರಿ ಓಡಿಸುವಂತಿಲ್ಲ. ಮುದ್ದತು ಮುಗಿದರೆ ಅದು ಫೋಟೋ ಇರುವ ಒಂದು ಕಾರ್ಡು, ಅಷ್ಟೆ. ಇದು ನಮಗೆಲ್ಲ ಗೊತ್ತು, ಏಕೆಂದರೆ ದಾರಿಯಲ್ಲಿ ಪೊಲೀಸರು ನಿಲ್ಲಿಸುತ್ತಾರೆ. ನಿಲ್ಲಿಸುವವರು ಇಲ್ಲದ ಕಡೆ ಇದೇ ನಾಲ್ಕು ಪ್ರಶ್ನೆ ನಮಗೆ ಮರೆತುಹೋಗುತ್ತದೆ.

ಭೇಟಿಯ ವೀಸಾ ಬರಲು ಅನುಮತಿ, ದುಡಿಯಲು ಅಲ್ಲ. ಅದು ‘ಯಾವುದಕ್ಕೆ’ ಎಂಬ ಕಲ್ಲು. ಹತ್ತನೆಯ ತರಗತಿ ಪಾಸಾಗದವರು ಕೆಲಸಕ್ಕಾಗಿ ಕೊಲ್ಲಿ ದೇಶಗಳಿಗೆ ಬರುವಾಗ 1983ರ ವಲಸೆ ಕಾಯ್ದೆಯ ಪ್ರಕಾರ ಭಾರತ ಸರ್ಕಾರದ ವಲಸೆ ಅನುಮತಿಯೂ ಬೇಕು. ಇಲ್ಲಿಯ ಕಂಪನಿ ವೀಸಾ ಕಳಿಸಿದ್ದು ಆ ಅನುಮತಿಗೆ ಬದಲಿಯಲ್ಲ. ಅದು ‘ಕೊಟ್ಟವರು ಯಾರು’ ಎಂಬ ಕಲ್ಲು. ಒಂದು ಕೆಲಸಕ್ಕೆ ಇಬ್ಬರು ಒಡೆಯರಿದ್ದರೆ ಇಬ್ಬರನ್ನೂ ಕೇಳಬೇಕು.

ಊರಿನಲ್ಲಿ ಮನೆ ಕಟ್ಟುವವರಿಗೂ ಇದೇ ಲೆಕ್ಕ. ಕೃಷಿ ಜಮೀನನ್ನು ವಾಸದ ಉಪಯೋಗಕ್ಕೆ ಬದಲಿಸುವ ಭೂಪರಿವರ್ತನೆಯ ಆದೇಶ ಒಂದು. ಕಟ್ಟಡ ಪರವಾನಗಿ ಇನ್ನೊಂದು. ಮೊದಲನೆಯದು ನೆಲದ ಬಗ್ಗೆ, ಎರಡನೆಯದು ಅದರ ಮೇಲೆ ಏಳುವ ಗೋಡೆಯ ಬಗ್ಗೆ. ‘ಎಲ್ಲಾ ಪರ್ಮಿಷನ್ ಆಗಿದೆ ಅಣ್ಣ, ನೀನು ದುಡ್ಡು ಕಳಿಸು’ ಎಂದು ಊರಿಂದ ಫೋನು ಬಂದಾಗ, ‘ಯಾವುದೆಲ್ಲ ಆಗಿದೆ, ಕಾಗದದ ಫೋಟೋ ಹಾಕು’ ಎಂದು ಕೇಳುವುದು ತಮ್ಮನ ಮೇಲಿನ ಅಪನಂಬಿಕೆಯಲ್ಲ. ‘ಎಲ್ಲಾ’ ಎಂಬ ಹೆಸರಿನ ಪರವಾನಗಿಯನ್ನು ಯಾವ ಕಚೇರಿಯೂ ಕೊಡುವುದಿಲ್ಲ.

ಒಂದೂವರೆ ಎಕರೆ ತೋಟ

ಈಗ ನಾನು ಹೇಳುತ್ತೇನೆ ಎಂದ ಕತೆ.

2021ರ ರಾಜ್ಯೋತ್ಸವದ ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವರು ಒಂದು ವರ್ಕ್‌ಶಾಪಿನ ಫೋರ್‌ಮನ್. ಹತ್ತೊಂಬತ್ತು ವರ್ಷದಿಂದ ಇಲ್ಲಿ ದುಡಿಯುತ್ತಿದ್ದವರು. ಅವರು ಕೇಳಿದರು: ‘ಸಾರ್, ಈಗ ನಮ್ಮಲ್ಲಿ ತೋಟ ಗದ್ದೆ ಯಾರು ಬೇಕಾದ್ರೂ ತಕೊಳ್ಬಹುದಂತಲ್ಲ, ಹೌದಾ?’

ನಾನು ತಟ್ಟೆ ಕೈಯಲ್ಲಿ ಹಿಡಿದುಕೊಂಡು ಹೇಳಿದೆ: ‘ಹೌದು ಮಾರಾಯ್ರೇ, ಕಾನೂನು ಬದಲಾಗಿದೆ.’

ನಾನು ಹೇಳಿದ್ದು ಸುಳ್ಳಲ್ಲ. ಕರ್ನಾಟಕದ 1961ರ ಭೂಸುಧಾರಣಾ ಕಾಯ್ದೆಯಲ್ಲಿ 79ಎ ಮತ್ತು 79ಬಿ ಎಂಬ ಕಲಮುಗಳಿದ್ದವು. ಬೇಸಾಯದ ಹೊರತಾದ ಆದಾಯ ಒಂದು ಮಿತಿಗಿಂತ ಹೆಚ್ಚಿದ್ದವರು, ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ಅವು ತಡೆಯುತ್ತಿದ್ದವು. 2020ರ ತಿದ್ದುಪಡಿ ಆ ಕಲಮುಗಳನ್ನು ತೆಗೆದುಹಾಕಿತು. ಅದರ ಪರ-ವಿರೋಧ ದೊಡ್ಡ ಚರ್ಚೆಯಾಯಿತು. ‘ಇನ್ನು ಯಾರು ಬೇಕಾದರೂ ಕೊಳ್ಳಬಹುದು’ ಎಂಬ ಮಾತು ಎಲ್ಲರ ಬಾಯಲ್ಲಿತ್ತು.

ಆದರೆ ಆ ಬಾಗಿಲಿಗೆ ಇದ್ದದ್ದು ಎರಡು ಬೀಗ. ರಾಜ್ಯದ ಬೀಗ ತೆಗೆದರು. ಅನಿವಾಸಿಗಳಿಗೆ ಮಾತ್ರ ಹಾಕಿದ್ದ ಇನ್ನೊಂದು ಬೀಗ ಕೇಂದ್ರದ ವಿದೇಶಿ ವಿನಿಮಯ ಕಾನೂನಿನದು, ನಾವು ಫೆಮಾ ಎನ್ನುವ 1999ರ ಕಾಯ್ದೆಯದು. ಅದರ ನಿಯಮಗಳ ಪ್ರಕಾರ ಅನಿವಾಸಿ ಭಾರತೀಯರಿಗೆ ಭಾರತದಲ್ಲಿ ಸ್ಥಿರಾಸ್ತಿ ಕೊಳ್ಳಲು ಸಾಮಾನ್ಯ ಅನುಮತಿ ಇದೆ. ಸಾಮಾನ್ಯ ಅನುಮತಿ ಎಂದರೆ ಪ್ರತಿಯೊಬ್ಬರೂ ಅರ್ಜಿ ಹಾಕಬೇಕಾಗಿಲ್ಲ; ನಿಯಮದಲ್ಲೇ ಎಲ್ಲರಿಗೂ ಸೇರಿಸಿ ಕೊಟ್ಟಿರುವ ಅನುಮತಿ. ಮನೆ, ಫ್ಲ್ಯಾಟು, ಅಂಗಡಿ, ಎಷ್ಟು ಬೇಕಾದರೂ ಕೊಳ್ಳಬಹುದು. ಕೃಷಿಭೂಮಿ, ಪ್ಲಾಂಟೇಷನ್, ಫಾರ್ಮ್‌ಹೌಸ್ ಈ ಮೂರು ಮಾತ್ರ ಆ ಅನುಮತಿಯಲ್ಲಿ ಸೇರಿಲ್ಲ.

ಒಂದೂವರೆ ವರ್ಷದ ನಂತರ ಅವರು ನನ್ನ ಕಚೇರಿಗೆ ಬಂದರು. ಕೈಯಲ್ಲಿ ಹೊಸ ಪ್ಲಾಸ್ಟಿಕ್ ಫೈಲು. ಊರಿನ ಹತ್ತಿರ ಒಂದೂವರೆ ಎಕರೆ ತೋಟ, ಸ್ವಂತ ಹೆಸರಿನಲ್ಲಿ, ಎನ್‌ಆರ್‌ಇ ಖಾತೆಯ ಹಣದಲ್ಲಿ. ಹಳೆಯ ಮರಗಳ ನಡುವೆ ಹೊಸ ಅಡಿಕೆ ಸಸಿಗಳನ್ನೂ ನೆಡಿಸಿದ್ದರು. ಮೊಬೈಲಿನಲ್ಲಿ ಫೋಟೋ ತೋರಿಸಿದರು. ರಿಟರ್ನಿನಲ್ಲಿ ಇದನ್ನು ತೋರಿಸಬೇಕಾ ಎಂದು ಕೇಳಲು ಬಂದಿದ್ದರು. ಕ್ರಯಪತ್ರದ ಮೊದಲ ಪುಟ ಓದುವಾಗಲೇ ನನಗೆ ಒಂದೂವರೆ ವರ್ಷದ ಹಿಂದಿನ ಆ ಊಟದ ಸಾಲು ನೆನಪಾಯಿತು.

ವಿಷಯ ಹೇಳಿದೆ. ಅವರಿಗೆ ನಂಬಿಕೆಯಾಗಲಿಲ್ಲ. ‘ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ರಿಜಿಸ್ಟರ್ ಆಯ್ತಲ್ಲ ಸಾರ್? ಬ್ಯಾಂಕಿನವರೂ ದುಡ್ಡು ಕಳಿಸಿದ್ರಲ್ಲ? ಪರವಾನಗಿ ಇಲ್ಲದಿದ್ರೆ ಯಾರಾದ್ರೂ ನಿಲ್ಲಿಸ್ಬೇಕಿತ್ತಲ್ಲ?’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀವೂ ಹೌದು ಅಂದಿದ್ರಿ’ ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವರ ಪ್ರಶ್ನೆಗೆ ಉತ್ತರ ಇದು. ನೋಂದಣಿ ಪರವಾನಗಿಯಲ್ಲ. ನೋಂದಣಿ ಎಂದರೆ ಇಂಥವರು ಇಂಥವರಿಗೆ ಮಾರಿದರು ಎಂಬ ದಾಖಲೆ. ಬ್ಯಾಂಕಿನ ಹಣ ವರ್ಗಾವಣೆಯೂ ಪರವಾನಗಿಯಲ್ಲ. ಯಾರೂ ನಿಲ್ಲಿಸಲಿಲ್ಲ ಎಂಬುದಂತೂ ಪರವಾನಗಿ ಅಲ್ಲವೇ ಅಲ್ಲ. ಅದಕ್ಕೆ ನಮ್ಮಲ್ಲಿರುವ ಪದ ‘ಪರವಾಗಿಲ್ಲ’.

ಫೆಮಾದಲ್ಲಿ ದಂಡ ಆ ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೂ ಹೋಗಬಹುದು. ತಪ್ಪನ್ನು ತಾವಾಗಿ ಒಪ್ಪಿಕೊಂಡು ರಿಸರ್ವ್ ಬ್ಯಾಂಕಿಗೆ ಅರ್ಜಿ ಹಾಕಿ, ಅವರು ನಿಗದಿ ಮಾಡಿದ ಮೊತ್ತ ಕಟ್ಟಿ ಪ್ರಕರಣ ಮುಗಿಸಿಕೊಳ್ಳುವ ದಾರಿಯೂ ಇದೆ. ಅದಕ್ಕೆ ಕಾಂಪೌಂಡಿಂಗ್ ಎನ್ನುತ್ತಾರೆ. ಅದಕ್ಕೂ ಮುಂಚೆ ತಪ್ಪನ್ನು ಸರಿಪಡಿಸಬೇಕು. ಎಂದರೆ ತೋಟವನ್ನು ಭಾರತದಲ್ಲೇ ನೆಲೆಸಿರುವ ಭಾರತೀಯ ಪ್ರಜೆಯೊಬ್ಬರಿಗೆ ಮಾರಬೇಕು. ಅವರು ಮಾರಿದರು. ಅರ್ಜಿಯ ಕೆಲಸವನ್ನೆಲ್ಲ ನಾನು ಫೀಸಿಲ್ಲದೆ ಮಾಡಿದೆ. ಹಾಗೆ ಮಾಡಿದ್ದರಿಂದ ನನ್ನ ಲೆಕ್ಕ ಚುಕ್ತಾ ಆಯಿತು ಎಂದು ನಾನು ಹೇಳುವುದಿಲ್ಲ. ಮುದ್ರಾಂಕ ಶುಲ್ಕ, ನೋಂದಣಿ ಖರ್ಚು, ಓಡಾಟ, ಕಟ್ಟಿದ ಮೊತ್ತ ಎಲ್ಲವೂ ಅವರದೇ. ಅವರು ನೆಡಿಸಿದ ಅಡಿಕೆ ಸಸಿಗಳು ಈಗ ಬೇರೆಯವರ ತೋಟದಲ್ಲಿ ಬೆಳೆಯುತ್ತಿವೆ.

ಊಟದ ಸಾಲಿನಲ್ಲಿ ನಾನು ಕೇಳಬೇಕಿದ್ದದ್ದು ಒಂದೇ ಪ್ರಶ್ನೆ: ‘ಯಾರಿಗೆ?’ ಅವರು ‘ಯಾರು ಬೇಕಾದ್ರೂ’ ಎಂದಾಗ ಆ ‘ಯಾರು’ವಿನಲ್ಲಿ ಅವರೂ ಇದ್ದಾರೆ ಎಂಬುದು ನನಗೆ ಹೊಳೆಯಲಿಲ್ಲ. ಇಪ್ಪತ್ತು ವರ್ಷದ ವೃತ್ತಿಯಲ್ಲಿ ದಿನವೂ ನೋಡುವ ನಿಯಮ, ಆದರೂ ಹೊಳೆಯಲಿಲ್ಲ.

ಹಾಗಾದರೆ ನಮ್ಮಂಥವರು ತೋಟದ ಆಸೆಯನ್ನೇ ಬಿಡಬೇಕೇ? ಬೇಕಾಗಿಲ್ಲ. ತಂದೆ ತಾಯಿಯಿಂದ ವಾರಸಿನಲ್ಲಿ ಬಂದ ಕೃಷಿಭೂಮಿಯನ್ನು ಅನಿವಾಸಿಯೂ ಇಟ್ಟುಕೊಳ್ಳಬಹುದು. ವಿದೇಶಕ್ಕೆ ಹೋಗುವ ಮುಂಚೆ, ನಿವಾಸಿಯಾಗಿದ್ದಾಗ ಕೊಂಡದ್ದನ್ನೂ ಇಟ್ಟುಕೊಳ್ಳಬಹುದು. ಕೆಲಸ ಮುಗಿಸಿ ಊರಿಗೆ ಮರಳಿ ಅಲ್ಲೇ ನೆಲೆಸಿದ ಮೇಲೆ ಹೊಸದಾಗಿ ಕೊಳ್ಳಬಹುದು. ಬೀಗ ಇರುವುದು ನಾವು ಅನಿವಾಸಿಗಳಾಗಿರುವಾಗ ಕೊಳ್ಳುವುದಕ್ಕೆ ಮಾತ್ರ. ಇದು ನಾಲ್ಕನೆಯ ಕಲ್ಲು, ಕಾಲದ್ದು.

ಮೌನಕ್ಕೆ ಎರಡು ಅರ್ಥ

‘ಮೌನಂ ಸಮ್ಮತಿ ಲಕ್ಷಣಂ’ ಎನ್ನುತ್ತೇವೆ. ಮನೆಯಲ್ಲಿ ಅದು ನಿಜವಿರಬಹುದು. ಕಾನೂನಿನ ಮೌನಕ್ಕೆ ಎರಡು ಅರ್ಥವಿದೆ, ಮತ್ತು ಒಂದೇ ಫೆಮಾದಲ್ಲಿ ಎರಡೂ ಇವೆ.

ಮನೆ ಖರ್ಚು, ಸಂಬಳ, ಬಡ್ಡಿ, ಮಕ್ಕಳ ಓದು ಇಂಥ ಚಾಲ್ತಿ ವ್ಯವಹಾರಗಳಲ್ಲಿ ನಿಯಮ ತಡೆಯದಿದ್ದರೆ ಮಾಡಬಹುದು. ಆಸ್ತಿ, ಬಂಡವಾಳ, ಸಾಲ ಇಂಥವುಗಳಲ್ಲಿ ನಿಯಮ ಅನುಮತಿಸಿದ್ದರೆ ಮಾತ್ರ ಮಾಡಬಹುದು. ಮೊದಲನೆಯದರಲ್ಲಿ ಮೌನವೆಂದರೆ ಹೌದು. ಎರಡನೆಯದರಲ್ಲಿ ಮೌನವೆಂದರೆ ಇಲ್ಲ. ನಮ್ಮ ಜನ ಎಡವುವುದು ಹೆಚ್ಚಾಗಿ ಇಲ್ಲೇ. ಮೊದಲನೆಯದರ ಅಭ್ಯಾಸವನ್ನು ಎರಡನೆಯದಕ್ಕೆ ಹಚ್ಚುತ್ತಾರೆ.

ಊರಿನ ಹಳೆಯ ಎಸ್‌ಬಿ ಖಾತೆ ಇನ್ನೊಂದು ಉದಾಹರಣೆ. ಕೆಲಸಕ್ಕೆಂದು ವಿದೇಶಕ್ಕೆ ಹೊರಟವರು ಫೆಮಾದ ಲೆಕ್ಕದಲ್ಲಿ ಅನಿವಾಸಿಗಳಾಗುತ್ತಾರೆ. ಆದಾಯ ತೆರಿಗೆಗೆ ದಿನಗಳ ಎಣಿಕೆ ಬೇರೆ. ಆ ಹಳೆಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಹತ್ತು ವರ್ಷವಾದರೂ ಬದಲಿಸದೆ, ‘ಬ್ಯಾಂಕಿನವರು ಏನೂ ಹೇಳಲಿಲ್ಲ, ಪರವಾಗಿಲ್ಲ ಬಿಡಿ’ ಎನ್ನುವವರು ಈ ಸಭೆಯಲ್ಲಿ ಎಷ್ಟು ಜನ ಎಂದು ನಾನು ಕೈ ಎತ್ತಿಸುವುದಿಲ್ಲ. ನಾಳೆ ಒಂದು ಮೇಲ್ ಹಾಕಿ, ಬದಲಿಸಿಕೊಳ್ಳಿ. ಎನ್‌ಆರ್‌ಒ ಆದ ಮೇಲೆ, ತೆರಿಗೆ ಕಟ್ಟಿ, ಕಾಗದಪತ್ರ ಕೊಟ್ಟು ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ಡಾಲರಿನವರೆಗೆ ಹೊರಗೆ ತರಲು ಅನುಮತಿ ಇದೆ. ನಮ್ಮಲ್ಲಿ ಹೆಚ್ಚಿನವರಿಗೆ ಅಷ್ಟು ಬೇಕೂ ಆಗಲಾರದು.

ನಾವು ಕೊಡುವ ಪರವಾನಗಿ

ಇಷ್ಟು ಹೊತ್ತು ಪಡೆಯುವ ಪರವಾನಗಿಯ ಬಗ್ಗೆ ಹೇಳಿದೆ. ನಾವು ಕೊಡುವ ಪರವಾನಗಿಯೂ ಒಂದಿದೆ: ಅಧಿಕಾರ ಪತ್ರ, ಜಿಪಿಎ. ರಾಯಭಾರ ಕಚೇರಿಯ ಸಾಲಿನಲ್ಲಿ ನಿಂತು ಊರಿನ ಅಣ್ಣನಿಗೋ ಭಾವನಿಗೋ ಬರೆದುಕೊಡುತ್ತೇವೆ. ಅಲ್ಲಿ ಅಧಿಕಾರಿ ನಾವೇ. ಆದರೂ ಟೈಪಿಸ್ಟ್ ಕೊಟ್ಟ ಮಾದರಿಗೆ ಓದದೆ ಸಹಿ ಹಾಕುತ್ತೇವೆ. ಅದರಲ್ಲಿ ಮಾರುವ, ಅಡವಿಡುವ, ದಾನ ಕೊಡುವ ಅಧಿಕಾರವೆಲ್ಲ ಸೇರಿರುತ್ತದೆ. ನಮಗೆ ಬೇಕಾಗಿದ್ದದ್ದು ಖಾತೆ ಬದಲಾವಣೆಗೆ ಒಂದು ಸಹಿ.

ಇಲ್ಲೂ ಅದೇ ನಾಲ್ಕು ಕಲ್ಲು ನೆಡಿ. ಯಾರಿಗೆ, ಯಾವ ಸರ್ವೆ ನಂಬರಿನ ಯಾವ ಕೆಲಸಕ್ಕೆ, ಯಾವ ತಾರೀಖಿನವರೆಗೆ ಎಂದು ಬರೆಯಿರಿ. ಪತ್ರ ಭಾರತ ತಲುಪಿದ ಮೂರು ತಿಂಗಳೊಳಗೆ ಅಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಿ. ಕೆಲಸ ಮುಗಿದ ಮೇಲೆ ಬರವಣಿಗೆಯಲ್ಲೇ ರದ್ದು ಮಾಡಿ. ಅಣ್ಣನ ಮೇಲೆ ನಂಬಿಕೆ ಇಲ್ಲವೇ ಎಂದು ಯಾರಾದರೂ ಕೇಳಿದರೆ, ನಂಬಿಕೆ ಇದೆ ಎಂದೇ ಬರೆದುಕೊಡುತ್ತಿದ್ದೇನೆ, ಬರೆದದ್ದಕ್ಕೆ ಗಡಿ ಇರಬೇಕು ಎಂದು ಹೇಳಿ. ಮುಂದೆ ಮಾತು ಕೆಡದಂತೆ ಕಾಯುವುದು ಆ ಗಡಿಯೇ.

ಬಂಧುಗಳೇ, ‘ಪರವಾಗಿಲ್ಲ’ ಎಂಬುದು ಬಹಳ ಒಳ್ಳೆಯ ಮಾತು. ಕಾಲು ತುಳಿದವರಿಗೆ, ತಡವಾಗಿ ಬಂದವರಿಗೆ, ಸಾಲ ವಾಪಸು ಕೊಡಲು ಒಂದು ತಿಂಗಳು ಕೇಳಿದ ಗೆಳೆಯನಿಗೆ ಹೇಳಲು ಅದಕ್ಕಿಂತ ದೊಡ್ಡ ಮಾತು ನನಗೆ ಗೊತ್ತಿಲ್ಲ. ಆ ಫೋರ್‌ಮನ್ ಮೊನ್ನೆ ಸಿಕ್ಕಾಗ ನನಗೂ ಅದನ್ನೇ ಹೇಳಿದರು. ಅವರ ದೊಡ್ಡತನಕ್ಕೆ ನಾನು ಋಣಿ. ಆದರೆ ಆ ಮಾತನ್ನು ನಾವು ಮನುಷ್ಯರಿಗೆ ಹೇಳೋಣ, ಕಾಗದಕ್ಕೆ ಬೇಡ.

ಇನ್ನು ಮುಂದೆ ಊಟದ ಸಾಲಿನಲ್ಲಿ ನೀವು ನನ್ನನ್ನು ಏನಾದರೂ ಕೇಳಿದರೆ ನಾನು ಹೌದು ಎಂದೂ ಇಲ್ಲ ಎಂದೂ ಹೇಳುವುದಿಲ್ಲ. ಯಾರಿಗೆ, ಯಾವುದಕ್ಕೆ ಎಂದು ಮರುಪ್ರಶ್ನೆ ಹಾಕುತ್ತೇನೆ. ಬೇಸರ ಮಾಡಿಕೊಳ್ಳಬೇಡಿ. ಊಟದ ವೇಳೆಯಾಯಿತು. ಸಭೆಯ ಅಪ್ಪಣೆ ಪಡೆದು ನನ್ನ ಮಾತು ಮುಗಿಸುತ್ತೇನೆ.